ಬಿಸಿಲಿಗೆ ಬಿಲ್ಲಿಲ್ಲ, ಮಾಳಿಗೆ ಸೋಲಾರಿಗೆ ಇದೆ!

ಹೊಸಪೇಟೆ: ನಮ್ಮೂರಿನ ಬಿಸಿಲು ಎಂಥದ್ದೆಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಬಸ್ಸಿಗೆ ಕಾದು ನಿಂತವರಿಗೆ ಹೇಳಬೇಕಾಗಿಲ್ಲ. ಅದೇ ಬಿಸಿಲನ್ನು ಮಾಳಿಗೆ ಮೇಲೆ ಹಿಡಿದು ಕರೆಂಟು ಮಾಡಿಕೊಳ್ಳಿ, ಬಿಲ್ಲು ಸೊನ್ನೆ, ಐದು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಅನ್ನೋ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ಮಾತು ಪೂರ್ತಿ ಸುಳ್ಳಲ್ಲ, ಎಲ್ಲರಿಗೂ ನಿಜವೂ ಅಲ್ಲ. ನಿಮ್ಮ ಮನೆಯ ಹಳೇ ಬಿಲ್ಲು ತೆಗೆದು ನೋಡಿ, ಉತ್ತರ ಅಲ್ಲೇ ಇದೆ.

ಮೊದಲು ಖರ್ಚು. 3 ಕಿಲೋವ್ಯಾಟ್ ಸೋಲಾರ್ ಕೂರಿಸಲು ಸುಮಾರು 2 ಲಕ್ಷ ರೂಪಾಯಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ಸಬ್ಸಿಡಿ. ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಆದರೆ ಈ ಹಣ ಕೆಲಸ ಮುಗಿದು ಮೀಟರ್ ಕೂತ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಕೈಯಿಂದ ಹಾಕಬೇಕು, ಇಲ್ಲವೇ ಸಾಲ ಮಾಡಬೇಕು. ಕೊನೆಗೆ ಕೈಬಿಟ್ಟು ಹೋಗುವುದು ಒಂದೂಕಾಲು ಲಕ್ಷದ ಆಸುಪಾಸು ಅಂತಿಟ್ಟುಕೊಳ್ಳಿ.

ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮೂರಕ್ಕೆ ತಿಂಗಳಿಗೆ 360 ಯೂನಿಟ್. ಎರಡು ಎ.ಸಿ., ಫ್ರಿಜ್ಜು, ನೀರೆತ್ತುವ ಮೋಟಾರು ಇಟ್ಟುಕೊಂಡು ತಿಂಗಳಿಗೆ 350 ಯೂನಿಟ್ ಸುಡುವ ಮನೆಗೆ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ ಎರಡು ಸಾವಿರ ಉಳಿತಾಯ. ವರ್ಷಕ್ಕೆ 24 ಸಾವಿರ. ಐದು ವರ್ಷ ಚಿಲ್ಲರೆಗೆ ಅಸಲು ಹುಟ್ಟುತ್ತದೆ. ಅದೇ ಒಂದೂಕಾಲು ಲಕ್ಷವನ್ನು ಶೇಕಡಾ 7ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 8,750 ರೂಪಾಯಿ ಮಾತ್ರ. ಹೌದು, ಠೇವಣಿಯ ಅಸಲು ಕೊನೆಗೆ ಹಾಗೇ ಸಿಗುತ್ತದೆ, ಮಾಳಿಗೆ ಮೇಲಿನದು ಸವೆಯುತ್ತದೆ. ಫಲಕಕ್ಕೆ 25 ವರ್ಷದ ಗ್ಯಾರಂಟಿ ಹೇಳುತ್ತಾರೆ, ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆ ಹೊಸದು ಬೇಕಾಗುತ್ತದೆ. ಆದರೂ ಈ ಮನೆಯವರಿಗೆ ವ್ಯವಹಾರ ಲಾಭದ್ದೇ.

ಇನ್ನು ಎರಡು ಫ್ಯಾನು, ನಾಲ್ಕು ಲೈಟು, ಒಂದು ಟಿ.ವಿ. ಇರುವ ಮನೆ. ತಿಂಗಳಿಗೆ ನೂರು ಯೂನಿಟ್ ದಾಟುವುದಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಅವರ ಬಿಲ್ಲು ಈಗಾಗಲೇ ಸೊನ್ನೆ. ಸೊನ್ನೆಯಲ್ಲಿ ಏನು ಉಳಿಸ್ತೀರಿ ಸ್ವಾಮಿ? ಹೆಚ್ಚಾದ ಕರೆಂಟನ್ನು ಜೆಸ್ಕಾಂಗೆ ಮಾರಬಹುದು ಅಂತಾರೆ. ಮಾರಬಹುದು, ಆದರೆ ನಾವು ಕೊಳ್ಳುವ ದರ ಬೇರೆ, ಅವರು ಕೊಡುವ ದರ ಬೇರೆ, ಕಡಿಮೆ. ಅದನ್ನೇ ನಂಬಿ ಸಾಲ ಮಾಡಿದರೆ ಕಂತು ಮುಂದೆ, ಆದಾಯ ಹಿಂದೆ. 200 ಯೂನಿಟ್ ದಾಟಿದವರ ಕಥೆ ಬೇರೆ. ಅವರಿಗೆ ಪೂರ್ತಿ ಬಿಲ್ಲು ಬೀಳುತ್ತದೆ. ಸೋಲಾರ್ ಲೆಕ್ಕ ಶುರುವಾಗುವುದು ಅಲ್ಲಿಂದ.

ಅಂಗಡಿಯವರು ಕೇಳಬೇಕಾದ್ದು ಇನ್ನೊಂದು. ಈ ಸಬ್ಸಿಡಿ ಮನೆ ಮೀಟರಿಗೆ ಮಾತ್ರ, ಅಂಗಡಿ ಮೀಟರಿಗಿಲ್ಲ. ಗೃಹಜ್ಯೋತಿಯೂ ಇಲ್ಲ. ಆದರೆ ಅಂಗಡಿಯ ಯೂನಿಟ್ ದರ ಮನೆಗಿಂತ ಜಾಸ್ತಿ, ವ್ಯಾಪಾರವೂ ಬಿಸಿಲಿದ್ದಾಗಲೇ. ಹಗಲೆಲ್ಲ ಫ್ರೀಜರ್ ಓಡಿಸುವ ಐಸ್‌ಕ್ರೀಂ ಅಂಗಡಿಗೂ ಸಂಜೆ ಆರಕ್ಕೆ ಬಾಗಿಲು ತೆಗೆಯುವ ಎಗ್‌ರೈಸ್ ಗಾಡಿಗೂ ಒಂದೇ ಲೆಕ್ಕ ಹೇಳಿದರೆ ಆಗೋದಿಲ್ಲ.

ಸಂಡೂರು ಕಡೆಯವರಿಗೆ ಧೂಳಿನ ಖರ್ಚು ಬೇರೆ. ಅದಿರಿನ ಲಾರಿ ಓಡುವ ದಾರಿಯ ಮನೆಗಳಲ್ಲಿ ಫಲಕದ ಮೇಲೆ ಕೆಂಪು ಪುಡಿ ಕೂತರೆ ಕರೆಂಟು ಇಳಿಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ನೀರು ಹಾಕಿ ಒರೆಸಬೇಕು. ಬೇಸಿಗೆಯಲ್ಲಿ ಆ ನೀರಿಗೂ ಲೆಕ್ಕ ಇಡಿ. ಹಂಪಿಯವರು ಮಾತ್ರ ಕಂಬಿ ನಿಲ್ಲಿಸುವ ಮೊದಲೇ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸುವುದು ವಾಸಿ. ಅಲ್ಲಿ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ.

ಕೊನೆಗೊಂದು ಮಾತು, ಮಾರುವವರು ತಾವಾಗಿ ಹೇಳದಿರುವಂಥದ್ದು. ಬ್ಯಾಟರಿ ಇಲ್ಲದ ಸೋಲಾರ್, ಲೈನಿನ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಈ ಏರ್ಪಾಡು. ಮಟಮಟ ಮಧ್ಯಾಹ್ನ, ತಲೆ ಮೇಲೆ ಬಿಸಿಲು, ಮಾಳಿಗೆ ಮೇಲೆ ಸೋಲಾರು, ಕೆಳಗೆ ಫ್ಯಾನು ತಿರುಗದು! ಬ್ಯಾಟರಿ ಬೇಕೆಂದರೆ ಬೇರೆ ದುಡ್ಡು. ಅದನ್ನು ಸೇರಿಸಿದರೆ ಐದು ವರ್ಷದ ಲೆಕ್ಕ ಇನ್ನೂ ಮುಂದಕ್ಕೆ ಹೋಗುತ್ತದೆ.