ಎರಡು ಕಾಯಿಲೆಗಳ ಮನೆ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಬೇಸಾಯವನ್ನು ನೆಚ್ಚಿದ ಊರು. ಸಂಜೆಯಾದೊಡನೆ ಹೊಲಗಳಿಗೆ ಹೋದವರು ಮನೆಗೆ ಮರಳುತ್ತಾರೆ. ಮಕ್ಕಳು ಪುಸ್ತಕ ಹಿಡಿದು ಕುಳಿತುಕೊಳ್ಳುತ್ತಾರೆ. ಆದರೆ ಇಂತಹ ಊರುಗಳಲ್ಲಿಯೂ ದೊಡ್ಡ ನಗರಗಳಲ್ಲಿಯೂ ಕೆಲವು ಮಕ್ಕಳಿಗೆ ಆ ಹೊತ್ತಿನಲ್ಲಿ ಓದು ಹತ್ತುವುದಿಲ್ಲ. ಅವರ ಕಿವಿಯೆಲ್ಲ ಬೀದಿಯಲ್ಲಿ ಕೇಳಿಸುವ ತಂದೆಯ ಹೆಜ್ಜೆಯ ಕಡೆಗೇ ಇರುತ್ತದೆ. ತಂದೆಗೆ ಸಕ್ಕರೆ ಕಾಯಿಲೆ. ಜೊತೆಗೆ ಕುಡಿತದ ಚಟ. ಇಂತಹ ಮನೆಯ ಬಾಲಕನಾಗಲಿ ಬಾಲಕಿಯಾಗಲಿ ಮೊದಲು ಪಡೆಯಬೇಕಾದುದು ತಿಳಿವಳಿಕೆ.

ನಾವು ಉಂಡ ಅನ್ನ, ಮುದ್ದೆಗಳು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯನ್ನು ದೇಹವು ಬಳಸಿಕೊಳ್ಳಲು ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಇನ್ಸುಲಿನ್ ಬೇಕು. ಅದು ಸಾಲದಾದಾಗ ಅಥವಾ ಸರಿಯಾಗಿ ಕೆಲಸ ಮಾಡದಾದಾಗ ಮಧುಮೇಹ ಉಂಟಾಗುತ್ತದೆ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರಲ್ಲಿ ಅದನ್ನು ಮೊದಲು ಪಡೆದ ರೋಗಿ 14 ವರ್ಷದ ಒಬ್ಬ ಬಾಲಕ.

ನಮ್ಮ ಯಕೃತ್ತು ಒಂದು ಕಣಜವಿದ್ದಂತೆ. ಅದು ಸಕ್ಕರೆಯನ್ನು ಕೂಡಿಟ್ಟು, ಹೊಟ್ಟೆ ಬರಿದಾದಾಗ ರಕ್ತಕ್ಕೆ ಬಿಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಮದ್ಯವು ದೇಹವನ್ನು ಸೇರಿದಾಗ ಈ ತಯಾರಿಕೆಗೆ ಅಡ್ಡಿಯಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಂಡವರು ಊಟವಿಲ್ಲದೆ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕುಡಿದು ಹಲವು ಗಂಟೆಗಳ ಮೇಲೆ, ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಹೀಗಾಗುವುದುಂಟು.

ಇಲ್ಲಿಯೇ ದೊಡ್ಡ ಮೋಸವಿದೆ. ಸಕ್ಕರೆ ಕುಸಿದವನು ಬೆವರುತ್ತಾನೆ, ನಡುಗುತ್ತಾನೆ, ತೊದಲುತ್ತಾನೆ, ತೂರಾಡುತ್ತಾನೆ, ಕಾರಣವಿಲ್ಲದೆ ಸಿಡುಕುತ್ತಾನೆ. ನೋಡಿದವರು, “ಕುಡಿದು ಬಿದ್ದಿದ್ದಾನೆ, ಮಲಗಲಿ ಬಿಡು” ಎನ್ನುತ್ತಾರೆ. ಆ ಒಂದು ಮಾತಿನಿಂದ ಜೀವವೇ ಹೋಗಬಹುದು. ರೋಗಿಗೆ ಎಚ್ಚರವಿದ್ದು ನುಂಗಲು ಶಕ್ತಿಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಚೇತರಿಸಿಕೊಂಡ ಮೇಲೆ ಊಟ ಕೊಡಬೇಕು. 15 ನಿಮಿಷಗಳಲ್ಲಿ ಚೇತರಿಕೆ ಕಾಣದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆಮಾಡಬೇಕು. ರೋಗಿಗೆ ಸಕ್ಕರೆ ಕಾಯಿಲೆಯಿರುವುದನ್ನೂ ಕುಡಿದಿರುವುದನ್ನೂ ಮುಚ್ಚಿಡದೆ ಹೇಳಬೇಕು.

ಕುಡಿತದ ಚಟವೂ ಒಂದು ಕಾಯಿಲೆಯೆಂದು ವೈದ್ಯಶಾಸ್ತ್ರವು ಒಪ್ಪಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು. ಆದರೂ ಬೇರೆ ಬಗೆಯ ಮದ್ಯಗಳು ಉಳಿದವು, ಚಟವೂ ಉಳಿಯಿತು. ಮಕ್ಕಳು ಬಾಟಲಿಯನ್ನು ಬಚ್ಚಿಡುವುದರಿಂದಾಗಲಿ, ಆಣೆ ಇಡಿಸುವುದರಿಂದಾಗಲಿ ಅದು ಗುಣವಾಗದು. ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್, ಬುದ್ಧಿಭ್ರಮಣೆ ಕಾಣಿಸಿಕೊಳ್ಳಬಹುದು. ಆದುದರಿಂದ ಬಿಡಿಸುವ ಕೆಲಸ ವೈದ್ಯರ ಕಣ್ಣೆದುರಿನಲ್ಲಿ ನಡೆಯಬೇಕು. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ.

ತಂದೆಯೊಡನೆ ಮಾತನಾಡಲು ರಾತ್ರಿ ತಕ್ಕ ಹೊತ್ತಲ್ಲ. ಅಮಲು ಇಳಿದ ಮೇಲೆ, “ಅಪ್ಪ, ರಾತ್ರಿ ನೀನು ಬೆವತು ನಡುಗುತ್ತಿದ್ದೆ. ನನಗೆ ಭಯವಾಯಿತು. ಡಾಕ್ಟರ ಹತ್ತಿರ ಹೋಗೋಣ ಬಾ” ಎಂದರೆ ಆ ಮಾತು ನಾಟೀತು. ನಾಟದೆಯೂ ಹೋದೀತು. ಹಾಗಾದರೆ ಅದು ಮಗುವಿನ ಸೋಲಲ್ಲ. ತಂದೆಯ ಕುಡಿತಕ್ಕೆ ಮಗು ಕಾರಣವಲ್ಲ. ಅದನ್ನು ಗುಣಪಡಿಸುವ ಹೊಣೆಯೂ ಮಗುವಿನದಲ್ಲ. ಮಾನಕ್ಕೆ ಅಂಜಿ ಎಲ್ಲವನ್ನೂ ಒಳಗೇ ನುಂಗಿಕೊಳ್ಳುವುದು ಮಾತ್ರ ತಪ್ಪು. ಅಜ್ಜಿ, ಸೋದರಮಾವ, ಮೇಷ್ಟ್ರು, ಆಶಾ ಕಾರ್ಯಕರ್ತೆ—ಇವರಲ್ಲಿ ನಂಬಿಕೆಯಿರುವ ಒಬ್ಬರಿಗಾದರೂ ವಿಷಯ ತಿಳಿಸಬೇಕು. ಹೊಡೆತ ಬಡಿತದ ಭಯವಿದ್ದರೆ ನೆರೆಮನೆಗೆ ಹೋಗಿಬಿಡಬೇಕು. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಸಂಕಟಕ್ಕೆ ನೆರವು ನೀಡುವ ಟೆಲಿ ಮಾನಸ್ 14416.

ಅಮೆರಿಕದಲ್ಲಿ 1957ರಲ್ಲಿ ಇಂತಹ ಮನೆಗಳ ಹದಿಹರೆಯದವರಿಗಾಗಿ ‘ಅಲಟೀನ್’ ಎಂಬ ಕೂಟಗಳು ಆರಂಭವಾದವು. ಅಲ್ಲಿ ಅವರು ಒಟ್ಟಿಗೆ ಕುಳಿತು ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ಈ ಕಷ್ಟ ತನ್ನೊಬ್ಬನದೇ ಅಲ್ಲವೆಂದು ತಿಳಿದಾಗ ಮನಸ್ಸಿನ ಭಾರ ಇಳಿಯುತ್ತದೆ. ತಂದೆ ಗುಣವಾಗುವವರೆಗೆ ಮಗು ತನ್ನ ಊಟ, ನಿದ್ರೆ, ಓದುಗಳನ್ನು ಬಿಟ್ಟು ಕಾಯಬೇಕಾಗಿಲ್ಲ. ಅವುಗಳನ್ನು ಉಳಿಸಿಕೊಳ್ಳುವುದು ಸ್ವಾರ್ಥವಲ್ಲ. ಅದು ಮಗುವಿನ ಹಕ್ಕು. ಸಹಪಾಠಿಯೊಬ್ಬನು ತರಗತಿಯಲ್ಲಿ ತೂಕಡಿಸುತ್ತಿದ್ದರೆ ನಗುವ ಮೊದಲು, ರಾತ್ರಿ ಅವನು ಯಾರ ಕಾವಲಿಗೆ ಎಚ್ಚರವಿದ್ದನೋ ಎಂದು ಉಳಿದವರು ಯೋಚಿಸುವುದು ಒಳ್ಳೆಯದು.