ಆಕ್ಸಿಯಾನ್ ಶೋಧದ ಅನುರಣನ ಕುಹರ: ತಪ್ಪು ಕಲ್ಪನೆ ಮತ್ತು ಸತ್ಯ

ವಿಶ್ವದ ಕೃಷ್ಣದ್ರವ್ಯವು ಆಕ್ಸಿಯಾನ್ ಎಂಬ ಅತಿಲಘು ಕಣಗಳಿಂದಾದುದಾದರೆ, ಪ್ರಬಲ ಕಾಂತಕ್ಷೇತ್ರದಲ್ಲಿರಿಸಿದ ಲೋಹದ ಕುಹರದೊಳಗೆ ಅವು ಸೂಕ್ಷ್ಮತರಂಗಗಳಾಗಿ ಮಾರ್ಪಡುವುದನ್ನು ಗುರುತಿಸಬಹುದೆಂದು 1983ರಲ್ಲಿ ಪಿಯೆರ್ ಸಿಕಿವಿ ಸೂಚಿಸಿದರು. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡಿಎಂಎಕ್ಸ್ ಪ್ರಯೋಗವು ಆ ಸೂಚನೆಯ ಸಾಕಾರರೂಪ. ಇಂಥ ಕುಹರದ ರಚನೆಯಲ್ಲಿ ಒಂದು ಗುಣವನ್ನು ಬೆಳೆಸಹೊರಟರೆ ಮತ್ತೊಂದು ಕುಗ್ಗುವುದೆಂಬುದನ್ನು ಮರೆತಾಗಲೇ ತಪ್ಪು ಕಲ್ಪನೆಗಳು ಹುಟ್ಟುತ್ತವೆ.

ತಪ್ಪು ಕಲ್ಪನೆ: ಕುಹರವು ದೊಡ್ಡದಾದಷ್ಟೂ ಲೇಸು.

ಸತ್ಯ: ಗಾತ್ರದೊಡನೆ ಸಂಕೇತದ ಬಲವು ಹೆಚ್ಚುವುದು ದಿಟ, ಆದರೆ ವ್ಯಾಸವು ಹಿಗ್ಗಿದಂತೆಲ್ಲ ಅನುರಣನದ ಆವೃತ್ತಿಯು ಇಳಿಯುವುದರಿಂದ, ಆ ಆವೃತ್ತಿಯು ಆಕ್ಸಿಯಾನಿನ ದ್ರವ್ಯರಾಶಿಗೆ ಸರಿಹೊಂದದಿದ್ದಲ್ಲಿ ಗಾತ್ರದಿಂದ ಫಲವಿಲ್ಲ. ಒಂದು ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್ ದ್ರವ್ಯರಾಶಿಗೆ ಸುಮಾರು 242 ಮೆಗಾಹರ್ಟ್ಸ್ ಆವೃತ್ತಿಯು ಸಲ್ಲುತ್ತದೆ. ಎತ್ತರವನ್ನಾದರೂ ಹೆಚ್ಚಿಸೋಣವೆಂದರೆ, ಬೇಡದ ಕಂಪನರೀತಿಗಳು ಒತ್ತೊತ್ತಾಗಿ ಸೇರಿ, ಬೇಕಾದುದರೊಡನೆ ಬೆರೆತುಹೋಗುತ್ತವೆ. ಆಕ್ಸಿಯಾನಿನ ದ್ರವ್ಯರಾಶಿ ಎಷ್ಟೆಂಬುದೇ ಅಜ್ಞಾತವಾದುದರಿಂದ, ಸುಮಾರು ಒಂದು ಮೀಟರ್ ಎತ್ತರದ, ತಾಮ್ರಲೇಪಿತ ಉಕ್ಕಿನ ಎಡಿಎಂಎಕ್ಸ್ ಕುಹರದಲ್ಲಿ ಎರಡು ತಾಮ್ರದ ದಂಡಗಳನ್ನು ಗೋಡೆಯ ಬಳಿಯಿಂದ ನಡುವಿನೆಡೆಗೆ ಮೆಲ್ಲಮೆಲ್ಲನೆ ತಿರುಗಿಸುತ್ತ, ಆವೃತ್ತಿಯನ್ನು ಏರಿಸುತ್ತ ಹೋಗುತ್ತಾರೆ.

ತಪ್ಪು ಕಲ್ಪನೆ: ತಾಮ್ರವನ್ನು ತೊರೆದು ಅತಿವಾಹಕವನ್ನು ಬಳಸಿದರೆ ಅನುರಣನವು ತೀಕ್ಷ್ಣವಾಗಿ ಸಮಸ್ಯೆ ತೀರಿತು.

ಸತ್ಯ: ಶೋಧಕ್ಕೆ ಬೇಕಾದ ಹಲವು ಟೆಸ್ಲಾಗಳ ಕಾಂತಕ್ಷೇತ್ರದಲ್ಲಿ ಸಾಮಾನ್ಯ ಅತಿವಾಹಕಗಳು ತಮ್ಮ ಗುಣವನ್ನೇ ಕಳೆದುಕೊಳ್ಳುತ್ತವೆ. ಅಲ್ಲದೆ, ನಮ್ಮ ಗ್ಯಾಲಕ್ಸಿಯ ಆಕ್ಸಿಯಾನ್‌ಗಳ ವೇಗಗಳು ಒಂದೇ ಸಮನಲ್ಲದ ಕಾರಣ, ಅವುಗಳ ಸಂಕೇತವೂ ಆವೃತ್ತಿಯ ದಶಲಕ್ಷದಲ್ಲೊಂದು ಭಾಗದಷ್ಟು ಹರಡಿಕೊಂಡಿರುತ್ತದೆ. ಕುಹರದ ಅನುರಣನವನ್ನು ಅದಕ್ಕಿಂತ ತೀಕ್ಷ್ಣಗೊಳಿಸಿದರೂ ಸಂಕೇತದ ಬಲವು ಆ ಪ್ರಮಾಣದಲ್ಲಿ ಏರದು.

ತಪ್ಪು ಕಲ್ಪನೆ: ಸಂಕೇತವು ಕ್ಷೀಣವಾದರೆ ಹೆಚ್ಚೆಚ್ಚು ವರ್ಧಿಸಿದರಾಯಿತು.

ಸತ್ಯ: ವರ್ಧಕವು ಸಂಕೇತದೊಡನೆ ಗದ್ದಲವನ್ನೂ ವರ್ಧಿಸುತ್ತದೆ, ತನ್ನದನ್ನೂ ಕೂಡಿಸುತ್ತದೆ. ನಿರೀಕ್ಷಿತ ಶಕ್ತಿಯು ಒಂದು ವ್ಯಾಟಿನ ಲಕ್ಷಕೋಟಿಯ ಲಕ್ಷಕೋಟಿಯಲ್ಲೊಂದು ಅಂಶದ ಹತ್ತುಪಟ್ಟು ಮಾತ್ರವಾಗಿರುವಲ್ಲಿ, ಉಷ್ಣದಿಂದೇಳುವ ಗದ್ದಲವನ್ನು ಅಡಗಿಸಲು ಕುಹರವನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸುವುದು ಅನಿವಾರ್ಯ. ಉಷ್ಣಾಂಶದ ಲೆಕ್ಕದಲ್ಲಿ ಅಳೆಯುವ ಈ ಗದ್ದಲವು ಅರ್ಧವಾದರೆ ಶೋಧದ ವೇಗವು ನಾಲ್ಮಡಿಯಾಗುತ್ತದೆ.

ತಪ್ಪು ಕಲ್ಪನೆ: ಕಣವು ದೊರೆಯಲಿಲ್ಲವಾದ್ದರಿಂದ ಪ್ರಯೋಗವು ವಿಫಲ.

ಸತ್ಯ: ಕೃಷ್ಣದ್ರವ್ಯವೆಲ್ಲವೂ ಆಕ್ಸಿಯಾನ್‌ಗಳೇ ಆಗಿದ್ದಲ್ಲಿ, ಅತಿ ದುರ್ಬಲವಾಗಿ ಪ್ರತಿಕ್ರಿಯಿಸುವ ಪ್ರಮುಖ ಮಾದರಿಯ ಆಕ್ಸಿಯಾನ್ ಕೂಡ 2.66ರಿಂದ 2.81 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್ ವ್ಯಾಪ್ತಿಯಲ್ಲಿ ಇರಲಾರದೆಂದು 2018ರಲ್ಲಿ ಎಡಿಎಂಎಕ್ಸ್ ತೋರಿಸಿತು. ಕೃತಕ ಸಂಕೇತಗಳನ್ನು ಕುಹರಕ್ಕೆ ಸೇರಿಸಿ, ಅವು ಪತ್ತೆಯಾಗುವುವೇ ಎಂದು ಪರೀಕ್ಷಿಸುವ ಕ್ರಮವೂ ಅಲ್ಲುಂಟು. ಇದ್ದಿದ್ದರೆ ಕಾಣುತ್ತಿತ್ತೆಂದು ಹೀಗೆ ಖಚಿತಪಡಿಸಿಕೊಂಡ ಮೇಲೆ, ‘ಇಲ್ಲಿ ಇಲ್ಲ’ ಎಂಬ ಉತ್ತರವೂ ನಿಜವಾದ ಜ್ಞಾನವೇ ಸರಿ.