ಬಯಲಿನಲ್ಲಿ ಬಾಲಶಿಕ್ಷಣ

ಮಧ್ಯಾಹ್ನದಲ್ಲಿ ಸೂರ್ಯನು ನೆತ್ತಿಯ ಮೇಲಿರುವನೆಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ನಾವು ಹೇಳಿಕೊಡುತ್ತೇವೆ; ಅವರೂ ಹಾಗೆಯೇ ಬರೆದುಕೊಳ್ಳುತ್ತಾರೆ. ಆದರೆ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನ ನೆರಳಿಗೆ ಗುರುತಿಡುತ್ತ ಬಂದ ಮಗು ಬೇರೊಂದನ್ನು ಕಾಣುವುದು. ಬೆಂಗಳೂರು, ಮೈಸೂರುಗಳಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಬಾರಿ: ಏಪ್ರಿಲ್ ತಿಂಗಳ ಉತ್ತರಾರ್ಧದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ ಮತ್ತೊಮ್ಮೆ. ಇವೆರಡರ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೂ, ಉಳಿದ ಕಾಲದಲ್ಲಿ ಉತ್ತರಕ್ಕೂ ಬೀಳುತ್ತದೆ. ಹೀಗೆ ಪುಸ್ತಕದ ಮಾತನ್ನು ಪರೀಕ್ಷಿಸಿ ನೋಡುವ ಧೈರ್ಯವೇ ಬಯಲಿನ ಪಾಠದ ಮೊದಲ ಫಲ.

ಅದೇ ಕೋಲು ಗಣಿತವನ್ನೂ ಕಲಿಸಬಲ್ಲುದು. ಕೋಲಿನ ನೆರಳು ಕೋಲಿನಷ್ಟೇ ಉದ್ದವಾದ ಹೊತ್ತಿನಲ್ಲಿ, ಸಮನೆಲದ ಮೇಲೆ ತೆಂಗಿನ ಮರದ ನೆರಳನ್ನು ಬುಡದಿಂದ ಅಳೆದರೆ ಮರದ ಎತ್ತರ ದೊರೆಯುತ್ತದೆ. ಮರವನ್ನೇರದೆ ಅದರ ಎತ್ತರವನ್ನರಿತ ಬಾಲಕನಿಗೆ ಪ್ರಮಾಣವೆಂಬುದು ಬರಿಯ ಶಬ್ದವಾಗಿ ಉಳಿಯದು. ಒಂದು ಗಜದ ಮಡಿಯಲ್ಲಿ ಹೆಸರುಕಾಳನ್ನು ಬಿತ್ತಿ, ಆಳವಾಗಿ ಹೂತದ್ದು ಯಾವಾಗ ಮೊಳೆಯಿತು, ಮೇಲೆ ಹೂತದ್ದು ಯಾವಾಗ ಎಂದು ಬರೆದಿಡುವುದೂ ಇಂಥದೇ ಅಭ್ಯಾಸ.

ಕೈಗೆಲಸದ ಮೂಲಕ ವಿದ್ಯೆಯೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಸಮ್ಮೇಳನವು, 7 ವರ್ಷಗಳ ಕಡ್ಡಾಯ ಶಿಕ್ಷಣವು ಮಾತೃಭಾಷೆಯಲ್ಲಿ, ಒಂದು ಕಸುಬನ್ನು ಕೇಂದ್ರವಾಗಿಟ್ಟುಕೊಂಡು ನಡೆಯಬೇಕೆಂದು ನಿರ್ಣಯಿಸಿತು. ಡಾಕ್ಟರ್ ಜಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಾಠಕ್ರಮವನ್ನು ರಚಿಸಿತು. ಮಕ್ಕಳ ಕೈಗೆಲಸದ ಆದಾಯದಿಂದ ಉಪಾಧ್ಯಾಯರ ವೇತನ ಸಾಗಬೇಕೆಂಬ ನಿರೀಕ್ಷೆಯೇ ಆಗ ಹೆಚ್ಚಿನ ಆಕ್ಷೇಪಕ್ಕೆ ಗುರಿಯಾಯಿತು. ಶಾಲೆ ಕಾರ್ಖಾನೆಯಾದೀತೆಂದು ಹಲವರು ಅಂಜಿದರು. ಆ ಅಂಜಿಕೆಯಲ್ಲಿ ಹುರುಳಿತ್ತು. ಮಡಿಯ ಬೆಲೆಯನ್ನು ಬೆಳೆದ ಸೊಪ್ಪಿನ ತೂಕದಿಂದ ಕಟ್ಟತಕ್ಕದ್ದಲ್ಲ. ಮೊಳೆಯದ ಕಾಳು ಏಕೆ ಮೊಳೆಯಲಿಲ್ಲವೆಂದು ಮಗು ಕೇಳಿತಾದರೆ ಪಾಠವು ಫಲಿಸಿದಂತೆಯೇ.

ಗುದ್ದಲಿ ತಗುಲಿ ಗಾಯವಾದೀತೆಂದು ತಾಯಿತಂದೆಗಳು ಹಿಂಜರಿಯುವುದು ಸಹಜ. ಉಪಕರಣವು ಮಗುವಿನ ಅಳತೆಯದಾಗಿರಲಿ. ಒಮ್ಮೆಗೆ ನಾಲ್ಕಾರು ಮಕ್ಕಳಷ್ಟೇ ಕೆಲಸಕ್ಕಿಳಿಯಲಿ. ನೋಡುವವರು ದೂರ ನಿಲ್ಲಲಿ. ಉಪಾಧ್ಯಾಯರು ಮೊದಲು ಮಾಡಿ ತೋರಿಸಲಿ. ಇಷ್ಟು ಎಚ್ಚರಿಕೆಯಿದ್ದಲ್ಲಿ ಅಪಾಯ ಬಹುಮಟ್ಟಿಗೆ ತಗ್ಗುವುದು. ಉಪಕರಣವನ್ನು ಮುಟ್ಟಲೇ ಬಿಡದೆ ಬೆಳೆಸಿದ ಮಗುವಿಗಾದರೋ ಎಚ್ಚರಿಕೆಯನ್ನು ಕಲಿಯುವ ಅವಕಾಶವೇ ಒದಗದು.

ವಿಶಾಲವಾದ ತೋಟವಿಲ್ಲವೆಂದು ನಗರದ ಶಾಲೆಗಳು ಸುಮ್ಮನಿರಬೇಕಾಗಿಲ್ಲ. ಒಂದು ಕೋಲು, ಒಂದು ಅಳತೆಯ ದಾರ, ಬಿಸಿಲು ಬೀಳುವ ಒಂದಿಷ್ಟು ನೆಲ, ವಾರಕ್ಕೆ ಒಂದು ಗಂಟೆ — ಇಷ್ಟನ್ನು ನಾವು ಮಕ್ಕಳಿಗೆ ಬಿಟ್ಟುಕೊಟ್ಟರೆ ಪ್ರಾರಂಭಕ್ಕೆ ಸಾಕು.